ಗವಿಯನ ಹಿತ್ತಲಲ್ಲಿ ಬೋರು ಬಿದ್ದದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ, ಕಾಫಿ ಆಮೇಲೆ. ಬಂಡೆಯ ಮೇಲೇ ಕಟ್ಟಿದ ಒಂದು ಊರು. ಆ ಊರಲ್ಲಿ ಸಣ್ಣೀರಮ್ಮ, ಅವಳ ಮಗ ಗವಿಯ. ಗವಿಯನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತೊಂದರೆ!

ಸಣ್ಣೀರಮ್ಮನಿಗೆ ಇದ್ದದ್ದು ಒಂದೇ ಆಸೆ. ಗುಡ್ಡದಾಚೆಯಿಂದ ನೀರು ಹೊತ್ತು ಹೊತ್ತು ನೆತ್ತಿ ಸವೆದಿತ್ತು. ಆ ನೆತ್ತಿಗೆ ಮಾತ್ರ ಯಾವತ್ತೂ ಚೊಂಬಿನ ನೀರೇ. ಹಿತ್ತಲಲ್ಲಿ ಬೋರು ಬೀಳಬೇಕು, ಒಂದು ದಿನವಾದರೂ ಬಿಂದಿಗೆ ತುಂಬ ನೀರು ತಲೆಗೆ ಸುರಿದುಕೊಳ್ಳಬೇಕು!

ನೀರು ನೋಡುವ ರುದ್ರಯ್ಯನವರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಲೆಲ್ಲ ಸುತ್ತಿದರು. ಒಂದು ಕಡೆ ಕಾಯಿ ಸೆಟೆದು ನಿಂತಿತು.

"ಇಲ್ಲೇ! ಗವಿಯಾ, ಗುರುತಿಟ್ಕೊಳ್ಳೋ!"

ಅಲ್ಲೇ ಮೇಕೆ ಮಲಗಿತ್ತು. ಗವಿಯ ಗುರುತಿಟ್ಟುಕೊಂಡ.

ಬೆಳಿಗ್ಗೆ ಬೋರ್ ಲಾರಿ ಬಂತು. "ಪಾಯಿಂಟ್ ಎಲ್ಲಪ್ಪಾ?" ಅಂದ ಮೇಸ್ತ್ರಿ ಪೊನ್ನುಸಾಮಿ.

"ಅಗೋ, ಮೇಕೆ ಇರೋ ಕಡೆ!"

ಮೇಕೆ ಪಕ್ಕದ ಮನೆ ಜಗಲಿ ಮೇಲಿತ್ತು!

"ಅಯ್ಯೋ ಬೆಪ್ಪೇ! ಗುರುತು ಅಂದ್ರೆ ಅಲ್ಲಾಡದೆ ಇರೋದು ಕಣ್ಲಾ!"

"ಮೊದಲೇ ಹೇಳಬಾರದೇನವ್ವಾ!"

ಲಾರಿ ಬೇರೆ ಊರಿಗೆ ಹೋಯಿತು. ರುದ್ರಯ್ಯನವರು ಮತ್ತೆ ಬಂದರು, ಕಾಯಿ ಮತ್ತೆ ನಿಂತಿತು. ಹಳೇ ಜಾಗದಲ್ಲೋ ಹೊಸ ಜಾಗದಲ್ಲೋ, ಅದನ್ನ ನನ್ನ ಕೇಳಬೇಡಿ. ಲಾರಿ ತಿರುಗಿ ಬರುವಷ್ಟರಲ್ಲಿ ಗವಿಯ ಅಲ್ಲಾಡದ ಗುರುತಿಟ್ಟಿದ್ದ. ಅಡುಗೆಮನೆಯ ಒರಳುಕಲ್ಲು ಉರುಳಿಸಿ ತಂದು, ಅರ್ಧ ಹೂತು, ಸುತ್ತ ಗಾರೆ ಹಾಕಿ!

"ಇಲ್ಲಿ ಕೊರೆದ್ರೆ ಚಟ್ನಿ ಬರ್ತದೆ, ನೀರು ಬರಲ್ಲ" ಅಂದ ಪೊನ್ನುಸಾಮಿ.

"ಥೂ ನಿನ್ನ! ಏನನ್ನ ಎಲ್ಲಿಂದ ತೆಗೀತೀಯೋ ಅಲ್ಲೇ ತಿರುಗಿ ಹಾಕ್ಬೇಕು ಕಣ್ಲಾ!"

"ಹೂಂ ಕಣವ್ವಾ."

ಒರಳು ಕಿತ್ತು ಒಳಗಿಟ್ಟರು, ಕೊನೆಗೂ ಕೊರೆಯೋಕೆ ಶುರು. ಮೊದಲು ಕೆಂಪು ಮಣ್ಣು. ಆಮೇಲೆ ಮುಟ್ಟಿದರೆ ಉದುರುವ ಮೆತ್ತನೆ ಕಲ್ಲು; ಅದು ಕುಸಿಯದ ಹಾಗೆ ಕೊಳವೆ ಇಳಿಸಿದರು. ಅದರ ಕೆಳಗೆ ಬಂಡೆ. ನೀರು ಬಂಡೆಯಲ್ಲಿರೋದಿಲ್ಲ ನೋಡಿ, ಬಂಡೆಯ ಬಿರುಕಲ್ಲಿರುತ್ತೆ. ಬಿರುಕು ಸಿಕ್ಕರೆ ಉಂಟು, ಸಿಗದಿದ್ದರೆ ಬರೀ ಧೂಳು. ಧೂಳೇ ಬಂತು, ಧೂಳೇ ಬಂತು. ಪೊನ್ನುಸಾಮಿ ಕೊರೆಯಲು ಇಳಿಸಿದ ಒಂದೊಂದು ರಾಡಿಗೆ ಒಂದೊಂದು ಗುಡ್ಡೆಯಂತೆ ಕಲ್ಲುಪುಡಿ ಸಾಲಾಗಿಟ್ಟು ಬಣ್ಣ ನೋಡಿದ, ತಲೆ ಕೆರೆದುಕೊಂಡ. ಸಣ್ಣೀರಮ್ಮ ಖಾಲಿ ಬಿಂದಿಗೆ ತಬ್ಬಿಕೊಂಡು ನಿಂತೇ ಇದ್ದಳು. ಪುಡಿ ಒದ್ದೆಯಾಯಿತು, ಕೆಸರಾಯಿತು, ಬುಸ್ಸೆಂದು ನೀರು ಚಿಮ್ಮಿತು!

ಎಲ್ಲರೂ ಕುಣಿದರು. ರಾಡು ಎತ್ತಿ ಲಾರಿ ಹಿಂದೆ ಸರಿಯಿತು. ಗವಿಯ ಮಂಕರಿ ತಂದ, ಪುಡಿ ಬಳಿದು ತುಂಬಿದ, ನೇರ ಬೋರಿನ ಬಾಯಿಗೆ ಹಿಡಿದ!

"ಏಯ್! ಏನ್ಲಾ ಮಾಡ್ತೀಯಾ!"

"ತೆಗೆದಲ್ಲೇ ತಿರುಗಿ ಹಾಕ್ತಿದ್ದೀನವ್ವಾ!"

ಸಣ್ಣೀರಮ್ಮ ಓಡಿಬಂದು ಮಂಕರಿ ಕಿತ್ತುಕೊಂಡಳು. "ಬೋರಿಂದ ಬಂದದ್ದು ಬೋರಿಗಲ್ಲ ಕಣ್ಲಾ ದಡ್ಡಾ! ನೀರು ತಂದು ಮನೆಯೊಳಕ್ಕೆ ಹಾಕ್ಬೇಕು!"

"ಹೂಂ ಕಣವ್ವಾ."

ಕೈಪಂಪು ಕೂರಿಸಿದರು. ಸಣ್ಣೀರಮ್ಮ ಗಂಗೆಪೂಜೆಗೆ ಹೂವು ತರಲು ಹೋದಳು. ಬಂದು ನೋಡಿದರೆ ನೀರು ಹೊಸಿಲು ದಾಟಿ ಹರಿಯುತ್ತಿದೆ! ನಡುಮನೆಯಲ್ಲಿ ಚಾಪೆ ತೇಲುತ್ತಿದೆ, ಬೆಕ್ಕು ಅಟ್ಟ ಹತ್ತಿದೆ, ಗವಿಯ ಇನ್ನೊಂದು ಬಿಂದಿಗೆ ಹೊತ್ತು ಬರುತ್ತಿದ್ದಾನೆ.

"ಮನೆಯೊಳಕ್ಕೆ ಹಾಕ್ದೆ ಕಣವ್ವಾ! ಜಾಗ ತುಂಬೋಯ್ತು. ಇದನ್ನೆಲ್ಲಿ ಸುರೀಲಿ?"

"ನನ್ನ ತಲೆ ಮೇಲೆ ಸುರಿಯೋ!"

ಸುರಿದ.

ಬಿಂದಿಗೆ ಪೂರ್ತಿ. ಕೈಲಿದ್ದ ಹೂವು ತೇಲಿ ಹಿತ್ತಲ ಕಡೆ ಹೊರಟಿತು. ಸಣ್ಣೀರಮ್ಮ ಕಣ್ಣೊರೆಸಿಕೊಂಡಳು, ಬೈಯಲೆಂದು ಬಾಯಿ ತೆರೆದಳು.

"ಇನ್ನೊಂದು ತಾರ್ಲಾ" ಅಂದಳು.