ಕೌದಿಯೊಳಗಿನ ಸೂಜಿಮೊನೆ

ಹಾಲುಗೂಸಿನ ಬೆನ್ನು ಇನ್ನೇನು ತಾಗಬೇಕು, ಅಷ್ಟರಲ್ಲಿ ಶಿಷ್ಯನೊಬ್ಬ ಕೆಳಗಿನ ಕೌದಿಯನ್ನೇ ಕಿತ್ತುಕೊಂಡ. ಯಾಕಿರಬಹುದು, ಊಹಿಸಿ ನೋಡೋಣ. ತಲೆ ಕೆಟ್ಟಿತ್ತು ಅಂತೀರಾ? ತಡೆಯಿರಿ, ಮೊದಲಿನಿಂದ ಹೇಳಿದರೇ ಸರಿ.

ಹೊಳೆದಂಡೆಯ ಮಠದಲ್ಲಿ ಹಂಪವ್ವ ತಾಯಿ ಇದ್ದರು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದೇ ಅವರ ಪೂಜೆ.

ಶಿಷ್ಯ ಈರಭದ್ರ ಎರಡು ವರ್ಷ ಬರೀ ದಾರ ಪೋಣಿಸಿಕೊಟ್ಟಿದ್ದ. ಬಾಣಂತಿಯೊಬ್ಬಳು ಕೂಸಿಗೆ ಕೌದಿ ಕೇಳಿದಾಗ ತಾಯಿ ಅವನಿಗೆ ಅಂದರು, "ಸೂಜಿ ನೀನ ಆರಿಸು. ಒಳಗ ತುಂಬೋದೂ ನೀನ ಆರಿಸು."

ಈರಭದ್ರ ಮೊದಲು ಸೂಜಿ ಆರಿಸಿದ. ಎಲ್ಲಕ್ಕಿಂತ ಸಣ್ಣದು. ಹೊಲಿಗೆ ಸಾಸಿವೆ ಕಾಳಿನಂತೆ ಕಾಣಬೇಕಲ್ಲ! ಆಮೇಲೆ, ಕೂಸಿಗೆ ಬೆಚ್ಚಗಿರಲಿ ಅಂತ ನಡುವೆ ದಪ್ಪ ಜಮಖಾನದ ತುಂಡು ತುಂಬಿದ.

ತಾಯಿ ನೋಡಿದರು. ತಮ್ಮ ಹೊಲಿಗೆಗೆ ತಿರುಗಿದರು.

ಮೂರು ವಾರ ಹೊಲಿದ. ಕೊನೆಗೆ ಸೂಜಿ ಒಳಗೆ ಇಳಿಯದಾಯಿತು. ಮೊಂಡಾಗಿರಬೇಕು ಎಂದು ಒತ್ತಿ ಒತ್ತಿ ಮುಗಿಸಿದ. ಡಬ್ಬಿಗೆ ಹಾಕುವಾಗ ನೋಡುತ್ತಾನೆ, ಸೂಜಿಗೆ ಮೊನೆಯೇ ಇಲ್ಲ.

ಯಾವ ಸಾಲಿನಲ್ಲಿ ಮುರಿಯಿತೋ.

ಅಂಗೈ ಸವರಿದ, ಕೆನ್ನೆ ಒತ್ತಿದ. ಏನೂ ಚುಚ್ಚಲಿಲ್ಲ. ಕಸದಲ್ಲಿ ಬಿದ್ದಿರಬೇಕು ಅಂದುಕೊಂಡ. ಮನಸ್ಸು ಒಪ್ಪಲಿಲ್ಲ. ಹೇಳಿದರೆ ತಾಯಿ ಮತ್ತೆ ಸೂಜಿ ಕೊಟ್ಟಾರೆಯೇ?

ಮರುದಿನ ಮೆಲ್ಲಗೆ ಕೇಳಿದ, "ಯವ್ವಾ, ಚಲೋ ಸೂಜಿ ಅಂದ್ರ ಯಾವುದ್ರಿ?"

"ಹ್ಯಾಂಗ ಒಳಗ ಹೋತೋ ಹಾಂಗ ಹೊರಗ ಬರೋದು."

ಅವನ ಕಿವಿ ಬಿಸಿಯಾಯಿತು. "ಮತ್ತ, ತುಂಬೋದಕ್ಕ ಚಲೋದು?"

"ಅದನ್ನ ಕೂಸಿಗೆ ಕೇಳು."

ಅಷ್ಟರಲ್ಲಿ ಬಾಣಂತಿ ಗುರಸಿದ್ದವ್ವ ಕೂಸನ್ನು ಎತ್ತಿಕೊಂಡು ಬಂದೇಬಿಟ್ಟಳು. ಹೊಲಿಗೆಯ ಮೇಲೆ ಕೈಯಾಡಿಸಿ ನಕ್ಕಳು. "ಎಷ್ಟ ಸಣ್ಣ ಹೊಲಿಗಿರೀ ಅಣ್ಣಾರ. ಹೆಂಡ್ತಿ ಇಲ್ದವ್ರಿಗೆ ಪುರುಸೊತ್ತು ಭಾಳ."

ಕೌದಿ ಹಾಸಿ, ಕೂಸನ್ನು ಮಲಗಿಸಲು ಬಾಗಿದಳು.

ಈರಭದ್ರ ಕೌದಿ ಕಿತ್ತುಕೊಂಡ. "ಬ್ಯಾಡ್ರಿ ತಂಗಿ. ಒಳಗ ಸೂಜಿ ಮೊನಿ ಐತಿ. ಎಲ್ಲೈತೋ ಗೊತ್ತಿಲ್ಲ. ನಿನ್ನೆನ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ."

ಗುರಸಿದ್ದವ್ವ ಕೂಸನ್ನು ಎದೆಗೆ ಅವಚಿಕೊಂಡಳು.

"ತಿಂಗಳ ಬಿಟ್ಟು ಬಾರವ್ವ," ಎಂದು ತಾಯಿ ಅವಳನ್ನು ಕಳಿಸಿ, ಕತ್ತರಿ ತೆಗೆದು ಮೊದಲ ಹೊಲಿಗೆ ಕತ್ತರಿಸಿದರು. "ಜಮಖಾನ ತಗಿ. ನನ್ನ ಹಳೇ ಸೀರಿ ಹಾಕು, ನೂರ ಸಲ ಒಗದದ್ದು. ತುಂಬಿದ ಮ್ಯಾಲ ಸೂಜಿ ಆರಿಸು."

ಇಬ್ಬರೂ ಕೂತು ಬಿಚ್ಚಿದರು. ಹನ್ನೆರಡನೇ ಸಾಲಿನಲ್ಲಿ, ಜಮಖಾನದ ಎಳೆಗಳ ನಡುವೆ, ಮೊನೆ ಮಿನುಗಿತು. ಈರಭದ್ರ ಅದನ್ನು ಉಗುರಿನಲ್ಲಿ ಹಿಡಿದು ಹೊರಗೆಳೆದ.

"ಮೂರು ವಾರದ ಕೆಲಸ ಹೋತು. ಬಂದು ಎರಡು ವರ್ಷ ಆತು. ನಾನು ಕೌದಿ ಹೊಲಿಯೋದು ಕಲಿಯೋದು ಯಾವಾಗ್ರಿ ಯವ್ವಾ?"

ತಾಯಿ ದಾರ ಎಳೆಯುತ್ತಲೇ ಅಂದರು, "ಕಲತಿಯಲ್ಲೋ ತಮ್ಮಾ. ಇವತ್ತ, ಶ್ರಾವಣದ ಎರಡನೇ ಸೋಮವಾರ, ಆ ಕೌದಿ ಕಿತಗೊಂಡ ಹೊತ್ತಿಗೆ."