ದೊಡ್ಡ ಗಾಲಿಯ ಕಾರು

ಗದಗಿನ ಗುತ್ತಿಗೆದಾರ ವೀರಬಸಪ್ಪ ತನ್ನ ಕಾರಿಗೆ ದೊಡ್ಡ ಗಾಲಿ, ತೆಳ್ಳನೆಯ ಟೈರು ಹಾಕಿಸಿದ. ಗತ್ತೇನೋ ಬಂತು, ಆದರೆ ಪ್ರತಿ ತಗ್ಗೂ ನೇರ ಸೊಂಟಕ್ಕೇ ಬಡಿಯುತ್ತಿತ್ತು.

"ನಾಳೆ ಬಸುರಿ ಮಗಳನ್ನ ಇದರಾಗ ಕರಕೊಂಡು ಬಾ. ಬೀಗರು ನೋಡಲಿ!" ಎಂದು ಹುಕುಂ ಮಾಡಿದ.

ಡ್ರೈವರ್ ಮೌಲಾಸಾಬ ಆ ತೆಳ್ಳನೆಯ ಟೈರುಗಳತ್ತ ನೋಡಿದ. ಅವನೇ ಎತ್ತಿ ಆಡಿಸಿದ ಹುಡುಗಿ ಅವಳು.

"ಆಗಲಿ ಧಣ್ಯಾರ. ಮೊದಲು ತಂಗ್ಯವ್ವ ಕೂಡೋ ಜಾಗದಾಗ ನೀವು ಕುಂತು ನೋಡ್ರಿ," ಎಂದು ಹಿಂದಿನ ಸೀಟಿನಲ್ಲಿ ಕೂತ ಧಣಿಯ ಮಡಿಲಿಗೆ, ಅಡುಗೆಮನೆಯಿಂದ ತಂದ ಪಾಯಸದ ಬೋಗುಣಿ ಇಟ್ಟ. "ಇದು ನಿಮ್ಮ ಮೊಮ್ಮಗ ಅಂತ ತಿಳಕೊಂಡು ಜ್ವಾಪಾನ ಹಿಡೀರಿ."

ಮೊದಲ ತಗ್ಗಿಗೆ ವೀರಬಸಪ್ಪ ಬೋಗುಣಿಯನ್ನು ಎದೆಗವಚಿಕೊಂಡ. ಎರಡನೆಯದಕ್ಕೆ ಪಾಯಸವೆಲ್ಲ ಧೋತರದ ಮೇಲೆ.

"ನಿಲ್ಲಸೋ!" ಎಂದು ಕೂಗಿದ. "ಹಳೇ ಗಾಲಿನ ಹಾಕಸು."

ಮರುದಿನ ಮಗಳನ್ನು ಕರೆತರಲು ತಾನೂ ಹೊರಟ. ಬರುವಾಗ ದಾರಿಗೆ ಎಮ್ಮೆ ಅಡ್ಡ ಬಂದು ಮೌಲಾಸಾಬ ಹಾರ್ನಿಗೆ ಕೈ ಹಾಕಿದರೆ, ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಧಣಿ ಪಿಸುಗುಟ್ಟಿದ: "ಬ್ಯಾಡೋ, ನನ್ನ ಕೂಸು ಮಲಗೇತಿ."