ನಾಲ್ಕನೆಯ ಕಾಲು

ಚರ್ಚಿನ ಪ್ರಭುಭೋಜನದ ಮೇಜಿಗೆಂದು ಬಡಗಿ ಎಲೀಷ ಮೇಸ್ತ್ರಿ ಮರದ ಕಾಲುಗಳನ್ನು ಕೊಯ್ಯುತ್ತಿದ್ದರು. ಮೊದಲನೆಯದನ್ನು ಅಳತೆಕೋಲಿಗೆ ಹಿಡಿದು ಕೊಯ್ದರು. ಎರಡನೆಯದನ್ನು ಮೊದಲನೆಯದರ ಪಕ್ಕ ಮಲಗಿಸಿ ಗೀಟು ಎಳೆದರು, ಮೂರನೆಯದನ್ನು ಎರಡನೆಯದರ ಪಕ್ಕ. ನಾಲ್ಕನೆಯದರ ಸರದಿ ಬಂದಾಗ ಅಳತೆಕೋಲು, "ಮಗೂ, ನನ್ನ ಹತ್ತಿರ ಬಾ" ಎಂದಿತು.

"ನೀನು ಯಾಕೆ? ಅಣ್ಣ ಇಲ್ಲೇ ಇದ್ದಾನಲ್ಲ!" ಎಂದು ನಾಲ್ಕನೆಯ ಕಾಲು ಅಣ್ಣನಿಗೆ ಒತ್ತಿಕೊಂಡು ಮಲಗಿತು. ಗೀಟು ಬಿತ್ತು. ಅಣ್ಣನಿಗಿಂತ ಕೂದಲೆಳೆಯಷ್ಟು ಎತ್ತರವೇ ಆದೆನೆಂದು ಅದಕ್ಕೆ ಒಳಗೊಳಗೇ ಹಿಗ್ಗು.

ಭಾನುವಾರ ಪಾದ್ರಿ ಅಯ್ಯನವರು ಆ ಮೇಜಿನ ಮೇಲೆ ಬಟ್ಟಲಿಟ್ಟು ಅಂಚಿಗೆ ಕೈಯೂರಿದರು. ಮೇಜು ಕುಲುಕಿತು. ದ್ರಾಕ್ಷಾರಸ ಬಿಳಿಯ ಹಾಸಿನ ಮೇಲೆಲ್ಲ ಚೆಲ್ಲಿತು.

ಮರುದಿನ ಮೇಸ್ತ್ರಿ ಕಾಲುಗಳನ್ನು ಕಳಚಿ ಹಾಕಿದರು.

"ನನ್ನದೇನು ತಪ್ಪು? ನಾನು ಅಣ್ಣನಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದೆ" ಎಂದು ನಾಲ್ಕನೆಯ ಕಾಲು ವಾದಿಸಿತು.

"ಇದ್ದೆ. ಅವನೂ ತನ್ನ ಅಣ್ಣನಿಗೆ ಹಾಗೆಯೇ ಇದ್ದ. ಹಾಗೆ ಒಬ್ಬೊಬ್ಬರೂ ಗೀಟಿನ ದಪ್ಪದಷ್ಟು ತಪ್ಪಿದಿರಿ. ನಿನ್ನೆ ಚೆಲ್ಲಿದ್ದು ಪ್ರಭುವಿನ ರಕ್ತದ ಗುರುತು, ಗೊತ್ತೇನು?" ಎಂದು ಅಳತೆಕೋಲು ಕೇಳಿತು.

ನಾಲ್ಕನೆಯ ಕಾಲು ಅಣ್ಣನ ಪಕ್ಕ ಬಿಟ್ಟು ಕೋಲಿನ ಪಕ್ಕ ಬಂದು ಮಲಗಿತು.

"ಗರಗಸ ತಾಗಿದರೆ ನೋಯುತ್ತದೆ" ಎಂದಿತು ಕೋಲು.

"ನೋಯಲಿ. ನೀನು ಹೇಳಿದಲ್ಲಿಗೇ ಗೀಟು ಬೀಳಲಿ."

ಗರಗಸ ಬಂದು ಹೋಯಿತು. ಅದನ್ನು ನೋಡುತ್ತಿದ್ದ ಮೂರನೆಯ ಕಾಲು ತಲೆ ತಗ್ಗಿಸಿ ಬಂದು, ಈಗ ಸರಿಯಾಗಿದ್ದ ತಮ್ಮನ ಪಕ್ಕದಲ್ಲಿ ಮಲಗಹೋಯಿತು.

ತಮ್ಮ ಸರಿದುಕೊಂಡ. "ನನ್ನ ಪಕ್ಕ ಬೇಡ, ಅಣ್ಣಾ. ಕೋಲಿನ ಪಕ್ಕ ಮಲಗು."